ಹಗ್ಗ ಕದಲದ ಹಗ್ಗಜಗ್ಗಾಟ: ಲೂಯಿ ನೆಯೆಲ್ ಮತ್ತು ಹೊರಗೆ ಕಾಣದ ಕಾಂತತ್ವ

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಕಾಂತೀಯ ವಸ್ತುಗಳ ಪಾಠ ಬಂದಾಗ ನಾವೆಲ್ಲ ಡಯಾ, ಪ್ಯಾರಾ, ಫೆರೋ ಅಂತ ಮೂರು ಹೆಸರು ಬಾಯಿಪಾಠ ಮಾಡ್ತೀವಿ. ಕೊನೆಯಲ್ಲಿ ಆ್ಯಂಟಿಫೆರೋ, ಫೆರ್ರಿ ಅಂತ ಇನ್ನೆರಡು ಇರುತ್ತವೆ. ಹೆಚ್ಚೆಂದರೆ ಎರಡು ಮಾರ್ಕ್ಸಿನ ಪ್ರಶ್ನೆ ಅಂತ ಅವನ್ನು ದಾಟಿಬಿಡ್ತೀವಿ. ಆ ಎರಡನ್ನೂ ವಿವರಿಸಿದವರು ಫ್ರಾನ್ಸಿನ ಲೂಯಿ ನೆಯೆಲ್. ನಾವು ಕ್ಲಾಸಿನಲ್ಲಿ ‘ನೀಲ್ ಟೆಂಪರೇಚರ್’ ಅನ್ನುವುದು ಇವರ ಹೆಸರನ್ನೇ.

ಸ್ಟ್ರಾಸ್‌ಬರ್ಗ್‌ನ ದಿನಗಳು

ನೆಯೆಲ್ ಹುಟ್ಟಿದ್ದು 1904ರಲ್ಲಿ, ಲಿಯಾನ್ ನಗರದಲ್ಲಿ. ಪ್ಯಾರಿಸ್‌ನಲ್ಲಿ ಓದು ಮುಗಿಸಿ 1928ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಪಿಯರ್ ವೈಸ್ ಅವರ ಪ್ರಯೋಗಾಲಯ ಸೇರಿದರು. ಕಬ್ಬಿಣದಂಥ ವಸ್ತುಗಳಲ್ಲಿ ಪ್ರತಿ ಪರಮಾಣುವೂ ಒಂದು ಪುಟ್ಟ ಆಯಸ್ಕಾಂತ, ಒಳಗಿನ ಒಂದು ಬಲ ಅವನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುತ್ತೆ ಅಂತ ವೈಸ್ 1907ರಲ್ಲೇ ಹೇಳಿದ್ದರು.

ಆದರೆ ಒಂದು ಒಗಟು ಉಳಿದಿತ್ತು. ಮಾಮೂಲಿ ಪ್ಯಾರಾ ವಸ್ತುವಿನಲ್ಲಿ ಬಿಸಿ ಏರಿದಂತೆ ಕಾಂತೀಯ ಪ್ರತಿಕ್ರಿಯೆ ಕಡಿಮೆಯಾಗಬೇಕು. ಮ್ಯಾಂಗನೀಸ್ ಮತ್ತು ಕ್ರೋಮಿಯಂನಲ್ಲಿ ಅದು ಹೆಚ್ಚುಕಡಿಮೆ ಹಾಗೇ ಇರುತ್ತಿತ್ತು. ಯಾಕೆ?

ನೆಯೆಲ್ ಗುರುಗಳ ಸಿದ್ಧಾಂತವನ್ನೇ ತಿರುಗಿಸಿ ನೋಡಿದರು. ಒಳಗಿನ ಬಲ ಪಕ್ಕದ ಪರಮಾಣುವನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ? ಆಗ ಅರ್ಧ ಪರಮಾಣುಗಳು ಮೇಲಕ್ಕೆ, ಅರ್ಧ ಕೆಳಕ್ಕೆ ಮುಖ ಮಾಡುತ್ತವೆ. ಸಮಬಲದ ಎರಡು ತಂಡಗಳ ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಹಗ್ಗ ಕದಲಲ್ಲ, ಹಾಗಂತ ಯಾರೂ ಎಳೀತಿಲ್ಲ ಅಂತಲ್ಲ. ಆ್ಯಂಟಿಫೆರೋ ಅಂದ್ರೆ ಇದೇ. ಬಿಸಿ ಒಂದು ಮಿತಿ ದಾಟಿದರೆ ಈ ಶಿಸ್ತು ಕುಸಿಯುತ್ತೆ. ಆ ಮಿತಿಯೇ ನೀಲ್ ಟೆಂಪರೇಚರ್. ಮ್ಯಾಂಗನೀಸ್ ಆಕ್ಸೈಡ್‌ಗೆ ಅದು ಸುಮಾರು 118 ಕೆಲ್ವಿನ್.

ಹೊರಗೆ ಏನೂ ಕಾಣದಿದ್ದಾಗ ನಂಬುವುದು ಹೇಗೆ? 1949ರಲ್ಲಿ ಅಮೆರಿಕದ ಕ್ಲಿಫರ್ಡ್ ಶಲ್ ಮತ್ತು ಸಂಗಡಿಗರು ಮ್ಯಾಂಗನೀಸ್ ಆಕ್ಸೈಡ್ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದರು. ನ್ಯೂಟ್ರಾನ್ ಕೂಡ ಪುಟ್ಟ ಆಯಸ್ಕಾಂತವಾದ್ದರಿಂದ ಅದಕ್ಕೆ ಮೇಲು-ಕೆಳಗಿನ ವ್ಯತ್ಯಾಸ ಗೊತ್ತಾಗುತ್ತೆ. ನೆಯೆಲ್ ಹೇಳಿದ ಜೋಡಣೆ ಅಲ್ಲಿ ಸಿಕ್ಕಿತು.

ಯುದ್ಧ ಮತ್ತು ಹಡಗುಗಳು

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸಮುದ್ರದಲ್ಲಿ ಮ್ಯಾಗ್ನೆಟಿಕ್ ಮೈನ್‌ಗಳನ್ನು ಇಟ್ಟಿತ್ತು. ಉಕ್ಕಿನ ಹಡಗು ಭೂಮಿಯ ಕಾಂತಕ್ಷೇತ್ರದಿಂದ ತಾನೂ ಆಯಸ್ಕಾಂತವಾಗಿರುತ್ತೆ. ಅದು ಹತ್ತಿರ ಬಂದರೆ ಮೈನ್ ಸಿಡಿಯುತ್ತೆ. ಹಡಗಿಗೆ ವಿರುದ್ಧ ದಿಕ್ಕಿನ ಶಾಶ್ವತ ಕಾಂತತ್ವ ಕೊಟ್ಟು ಲೆಕ್ಕ ಸೊನ್ನೆ ಮಾಡುವ ವಿಧಾನವನ್ನು ನೆಯೆಲ್ ರೂಪಿಸಿದರು. ಇಲ್ಲೂ ಒಂದಕ್ಕೆ ಇನ್ನೊಂದನ್ನು ಎದುರು ನಿಲ್ಲಿಸುವ ಉಪಾಯವೇ. ಇದರಿಂದ ಫ್ರಾನ್ಸಿನ ನೂರಾರು ಹಡಗುಗಳಿಗೆ ರಕ್ಷಣೆ ಸಿಕ್ಕಿತು. 1940ರಲ್ಲಿ ಫ್ರಾನ್ಸ್ ಸೋತು ಸ್ಟ್ರಾಸ್‌ಬರ್ಗ್ ಜರ್ಮನಿಯ ಕೈಸೇರಿದಾಗ ಅವರು ಗ್ರೆನೋಬಲ್‌ಗೆ ಹೋದರು. ಯುದ್ಧ ಮುಗಿದರೂ ಅಲ್ಲೇ ಉಳಿದು ದೊಡ್ಡ ಸಂಶೋಧನಾ ಕೇಂದ್ರ ಕಟ್ಟಿದರು.

ಸೂಜಿಗಲ್ಲಿನ ಲೆಕ್ಕ

1948ರಲ್ಲಿ ಅವರು ಫೆರ್ರಿಮ್ಯಾಗ್ನೆಟಿಸಂ ವಿವರಿಸಿದರು. ನಮ್ಮ ಹಿರಿಯರ ಸೂಜಿಗಲ್ಲು, ಅಂದ್ರೆ ಮ್ಯಾಗ್ನೆಟೈಟ್, ತಗೊಳ್ಳೋಣ. ಅದರ ಒಂದು ಘಟಕದಲ್ಲಿ ಮೂರು ಕಬ್ಬಿಣದ ಅಯಾನ್‌ಗಳಿವೆ: ಎರಡು ಫೆರಿಕ್ (ತಲಾ 5 ಬೋರ್ ಮ್ಯಾಗ್ನೆಟಾನ್), ಒಂದು ಫೆರಸ್ (4). ಎಲ್ಲ ಒಂದೇ ಕಡೆ ನಿಂತರೆ 14 ಆಗಬೇಕು. ಅಳತೆಯಲ್ಲಿ ಬರುವುದು ಸುಮಾರು 4! ನೆಯೆಲ್ ಕೊಟ್ಟ ಉತ್ತರ: ಒಂದು ಫೆರಿಕ್ ಒಂದು ಕಡೆ, ಉಳಿದೆರಡು ಎದುರು ಕಡೆ. (5 + 4) − 5 = 4. ಇಲ್ಲಿ ತಂಡಗಳು ಸಮ ಇಲ್ಲ, ಹಾಗಾಗಿ ಹಗ್ಗ ಒಂದು ಕಡೆ ಜಾರುತ್ತೆ. ನಮ್ಮ ಫೋನ್ ಚಾರ್ಜರ್‌ನ ಟ್ರಾನ್ಸ್‌ಫಾರ್ಮರ್ ಒಳಗಿನ ಫೆರೈಟ್ ಕೋರ್ ಇದೇ ಜಾತಿಯದು.

‘ಉಪಯೋಗ ಏನು?’

1970ರಲ್ಲಿ ಹಾನ್ಸ್ ಆಲ್ವೆನ್ ಜೊತೆ ನೆಯೆಲ್ ಅವರಿಗೆ ನೊಬೆಲ್ ಬಂತು. ತಮ್ಮ ನೊಬೆಲ್ ಭಾಷಣದಲ್ಲಿ ಅವರೇ, ಆ್ಯಂಟಿಫೆರೋ ವಸ್ತುಗಳು ಸಿದ್ಧಾಂತದ ದೃಷ್ಟಿಯಿಂದ ಬಹಳ ಸ್ವಾರಸ್ಯಕರ, ಆದರೆ ಉಪಯೋಗವೇನೂ ಕಾಣುತ್ತಿಲ್ಲ ಎಂಬರ್ಥದಲ್ಲಿ ಹೇಳಿದರು.

1988ರಲ್ಲಿ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರುನ್‌ಬರ್ಗ್ ‘ಜೈಂಟ್ ಮ್ಯಾಗ್ನೆಟೋರೆಸಿಸ್ಟೆನ್ಸ್’ ಕಂಡುಹಿಡಿದರು. ಅದನ್ನು ಬಳಸಿದ ಹಾರ್ಡ್ ಡಿಸ್ಕ್ ರೀಡ್ ಹೆಡ್‌ಗಳು 1997ರಲ್ಲಿ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಎರಡು ತೆಳು ಕಾಂತೀಯ ಪದರಗಳಿರುತ್ತವೆ. ಒಂದು ಡಿಸ್ಕಿನ ಬಿಟ್‌ಗೆ ತಕ್ಕಂತೆ ತಿರುಗಬೇಕು, ಇನ್ನೊಂದು ಅಲುಗಾಡಬಾರದು. ಆ ಎರಡನೆಯದನ್ನು ಹಿಡಿದು ನಿಲ್ಲಿಸುವುದು ಅದಕ್ಕೆ ಅಂಟಿದ ಆ್ಯಂಟಿಫೆರೋ ಪದರ. ಒಟ್ಟು ಕಾಂತತ್ವ ಸೊನ್ನೆಯಾದ್ದರಿಂದ ಹೊರಗಿನ ಕ್ಷೇತ್ರ ಅದನ್ನು ಸುಲಭವಾಗಿ ತಿರುಗಿಸಲಾರದು. ನಿಷ್ಪ್ರಯೋಜಕ ಅನ್ನಿಸಿದ ಗುಣವೇ ಕೆಲಸಕ್ಕೆ ಬಂತು!

ನೆಯೆಲ್ 2000ದಲ್ಲಿ ತೀರಿಕೊಂಡರು. ಗ್ರೆನೋಬಲ್‌ನಲ್ಲಿ ಈಗ ಅವರ ಹೆಸರಿನದೇ ಸಂಶೋಧನಾ ಸಂಸ್ಥೆಯಿದೆ. ಪ್ರಾಜೆಕ್ಟ್ ವೈವಾದಲ್ಲಿ ‘ಅಪ್ಲಿಕೇಶನ್ ಏನು?’ ಅಂತ ಕೇಳಿದಾಗ ತಡವರಿಸುವ ನಮಗೆ ಈ ಕಥೆ ಸ್ವಲ್ಪ ಧೈರ್ಯ ಕೊಡುತ್ತೆ.

ನೀವೇ ಮಾಡಿ ನೋಡಿ: ಮ್ಯಾಗ್ನೆಟೈಟ್‌ನಲ್ಲಿ ಫೆರಸ್ ಜಾಗಕ್ಕೆ ನಿಕಲ್ ಅಯಾನ್ (2) ಬಂದರೆ ಒಟ್ಟು ಎಷ್ಟಾಗುತ್ತೆ?