ಮುಯ್ಯಾಳಿನ ಲೆಕ್ಕ

ಮಕ್ಕಳೇ,

ನಿಮ್ಮ ಗೆಳೆಯ ಬರುವ ಸೋಮವಾರ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ. ಕೊಳೆ ಔಷಧಿ ಹೊಡೆಯಲು ಹತ್ತಿದ್ದ ಅಡಿಕೆ ಮರದಿಂದ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದಿಂದ ಕೆಳಗೆ ಸ್ಪರ್ಶದ ಅರಿವಿಲ್ಲ. ‘ನಾವೇನು ಮಾಡಬಹುದು ದೊಡ್ಡಪ್ಪಾ?’ ಎಂದು ನಿನ್ನೆ ಕೇಳಿದಿರಿ. ಗಂಟಲು ಕಟ್ಟಿ ನನಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷಗಳ ಹಿಂದೆ ಇಂಥದೇ ಆಷಾಢದ ಮಳೆಯಲ್ಲಿ ನನ್ನ ತಮ್ಮನೂ ಹೀಗೇ ಬಿದ್ದವನು. ನಾವು ಮಾಡಿದ ತಪ್ಪನ್ನೂ ಊರು ಮಾಡಿದ ಉಪಕಾರವನ್ನೂ ಬರೆದು ಕೊಡುತ್ತಿದ್ದೇನೆ, ಓದಿಕೊಳ್ಳಿ.

ಮೊದಲ ತಪ್ಪು ಮರದ ಬುಡದಲ್ಲೇ ಆಯಿತು. ತಮ್ಮನನ್ನು ಕಂಬಳಿಗೆ ಹಾಕಿ ನಾಲ್ಕು ಮೂಲೆ ಹಿಡಿದು ಎತ್ತಿದೆವು. ಬೆನ್ನು ಬಿಲ್ಲಿನ ಹಾಗೆ ಬಾಗಿತು. ಆಮೇಲೆ ಜೀಪಿನಲ್ಲಿ ಮಡಚಿ ಕೂರಿಸಿದೆವು. ಮುರಿದ ಮೂಳೆ ಅಲುಗಾಡಿದರೆ ಒಳಗಿನ ಹುರಿಗೆ ಮತ್ತಷ್ಟು ಘಾಸಿಯಾಗುತ್ತದೆಂಬುದು ನಮಗೆ ಗೊತ್ತಿರಲಿಲ್ಲ. ಬಿದ್ದದ್ದರಿಂದ ಆದ ಹಾನಿ ಎಷ್ಟು, ನಾವು ಎತ್ತಿದ್ದರಿಂದ ಆದದ್ದೆಷ್ಟು? ಈಗಲೂ ನಡುರಾತ್ರಿ ಎಚ್ಚರವಾದರೆ ಅದೇ ಯೋಚನೆ. ಇವತ್ತು ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ, 2008ರಿಂದ ಓಡಾಡುತ್ತಿದೆ. ಅದು ಬರುವವರೆಗೆ ಬಿದ್ದವರನ್ನು ಅಲುಗಿಸಬೇಡಿ. ಸಾಗಿಸಲೇಬೇಕಾಗಿ ಬಂದರೆ ಹಲಗೆಯೋ ಬಾಗಿಲೋ ತನ್ನಿ. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹಿಡಿದು ಎತ್ತಿ. ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲಬೇಡಿ. ಗಾಯಾಳುವಿಗೆ ನೆರವಾದವರನ್ನು ಕಾಯುವ ಕಾನೂನು ಕರ್ನಾಟಕದಲ್ಲಿ ಇದೆ.

ಎರಡನೆಯ ತಪ್ಪು ಮನೆಗೆ ತಂದ ಮೇಲೆ. ಚೌತಿಯ ಹೊತ್ತಿಗೆ ತಮ್ಮ ಮನೆಗೆ ಬಂದ. ಹದಿನೈದು ದಿನ ಜಗಲಿಯ ತುಂಬ ಜನ. ಒಬ್ಬೊಬ್ಬರದೂ ಒಂದೊಂದು ಎಣ್ಣೆ, ಒಂದೊಂದು ಹರಕೆ. ಅಮ್ಮ ಮಗನ ಹಾಸಿಗೆ ಬಿಟ್ಟು ಬಂದವರಿಗೆ ಚಹಾ ಕಾಸುತ್ತ ಒಲೆಯ ಮುಂದೆ ನಿಂತಿರುತ್ತಿದ್ದಳು. ದೀಪಾವಳಿ ಕಳೆದು ಅಡಿಕೆ ಕೊನೆ ಕೊಯ್ಲು ಶುರುವಾದದ್ದೇ ತಡ, ಎಲ್ಲರೂ ಅವರವರ ತೋಟಕ್ಕೆ ಹೋದರು. ಅದೇ ತಿಂಗಳು ಅವನ ಬಾಲಮೂಳೆಯ ಮೇಲೆ ಹುಣ್ಣು ಕಾಣಿಸಿಕೊಂಡಿತು. ಮೊದಲು ನಾಲ್ಕಾಣೆಯಷ್ಟು ಕೆಂಪು, ನೋಡನೋಡುತ್ತ ಮೂಳೆ ಕಾಣುವಷ್ಟು ಆಳ.

ಅದು ಯಾಕಾಯಿತೆಂದು ಆಮೇಲೆ ತಿಳಿಯಿತು. ನಾವು ನಿದ್ದೆಯಲ್ಲೂ ನಮಗರಿವಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಅರಿವಿಲ್ಲದ ಮೈಗೆ ಆ ಎಚ್ಚರ ಇರುವುದಿಲ್ಲ. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಒಂದೇ ಸಮನೆ ಒತ್ತಿಕೊಂಡಿದ್ದರೆ ಅಲ್ಲಿಗೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಹಾಗಾಗಿ ಹಾಸಿಗೆಯಲ್ಲಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಳಿಹಾಸಿಗೆ ಇದ್ದರೂ ಇದು ತಪ್ಪಿದ್ದಲ್ಲ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು. ಇದನ್ನು ಒಬ್ಬ ತಾಯಿ ಎಷ್ಟು ದಿನ ಮಾಡಿಯಾಳು?

ಆಗ ಅಡಿಕೆ ಕೊನೆ ಕೊಯ್ಯಲು ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡ ಒಂದು ಸಂಜೆ ಜಗಲಿಯ ಮೇಲೆ ಕೂತು ಹೇಳಿದ: ‘ಅಮ್ಮಾ, ಇದನ್ನ ಮುಯ್ಯಾಳಿನ ಲೆಕ್ಕಕ್ಕೆ ಹಾಕ್ಕಳಿ. ನಟ್ಟಿಗೆ ಬಂದ ಹಾಗೆ ಇದಕ್ಕೂ ಬರ್ತೀವಿ.’ ಏಳು ಮನೆಯವರು ಏಳು ರಾತ್ರಿ ಹಂಚಿಕೊಂಡರು. ಗೋಡೆಗೆ ದಾರದಲ್ಲಿ ಒಂದು ನೋಟ್‌ಬುಕ್ ತೂಗುಬಿಟ್ಟೆವು. ಎಷ್ಟು ಹೊತ್ತಿಗೆ ಯಾವ ಮಗ್ಗುಲಿಗೆ ಹೊರಳಿಸಿದ್ದು, ಚರ್ಮ ಎಲ್ಲಾದರೂ ಕೆಂಪಾಗಿದೆಯೇ, ಎಲ್ಲವನ್ನೂ ಅದರಲ್ಲಿ ಬರೆಯುವುದು. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ನಡೆದೇ ಇತ್ತು. ಆದರೂ ಹುಣ್ಣು ಮಾಯಲು ಶುರುವಾದದ್ದು ಆ ನೋಟ್‌ಬುಕ್ ಬಂದ ಮೇಲೆ. ನನ್ನ ಅಮ್ಮ ಇಡೀ ರಾತ್ರಿ ನಿದ್ದೆ ಕಂಡದ್ದೂ ಆಗಲೇ.

ಮಕ್ಕಳೇ, ನಾನು ಹೇಳಬೇಕಾದ್ದೆಲ್ಲ ಕೊನೆಗೌಡನ ಆ ಮಾತಿನಲ್ಲಿದೆ. ಮುಯ್ಯಾಳಿಗೆ ಬಂದವರು ಕನಿಕರದಿಂದ ಬಂದವರಲ್ಲ. ನಾಳೆ ನಮ್ಮ ಗದ್ದೆಗೆ ಅವರು, ಅವರ ಗದ್ದೆಗೆ ನಾವು. ಅಲ್ಲಿ ದೊಡ್ಡವರು, ಸಣ್ಣವರು ಎಂಬುದಿಲ್ಲ, ಸರದಿ ಮಾತ್ರ. ಕನಿಕರ ಹದಿನೈದು ದಿನಕ್ಕೆ ಸುಸ್ತಾಗುತ್ತದೆ. ಸರದಿ ವರ್ಷಗಟ್ಟಲೆ ನಡೆಯುತ್ತದೆ.

ಸರದಿಯಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ನಿಮ್ಮ ಗೆಳೆಯನ ಮನೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು, ಕಡಿಮೆಯಾದರೆ ಗಾಲಿಕುರ್ಚಿ ಹತ್ತಿಸುವವರಿಗೂ ಕಷ್ಟ, ಕೂತವನಿಗೂ ಭಯ. ಹಳ್ಳದ ಸಂಕ ಅಗಲ ಮಾಡಿ. ಬಚ್ಚಲು, ಪಾಯಖಾನೆಯ ಬಾಗಿಲು ಗಾಲಿಕುರ್ಚಿ ನುಗ್ಗುವಷ್ಟಿದೆಯೇ ಅಳೆದು ನೋಡಿ. ಕಾಲಿಗೆ ಶಾಖ ಕೊಡುತ್ತೇವೆಂದು ಯಾರಾದರೂ ಬಿಸಿನೀರಿನ ಚೀಲ ತಂದರೆ ತಡೆಯಿರಿ. ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಫಿಸಿಯೋಥೆರಪಿಯವರು ತೋರಿಸಿದ ವ್ಯಾಯಾಮವನ್ನು ತೋರಿಸಿದಷ್ಟೇ ಮಾಡಿಸಿ. ಮೂತ್ರ ತೆಗೆಯಲು ನಳಿಕೆ ಹಾಕಿಕೊಳ್ಳುವ ಹೊತ್ತಿಗೆ ಕೈತೊಳೆಯಲು ಸೋಪು–ನೀರು ಇಟ್ಟು ಹೊರಗೆ ಬನ್ನಿ. ಅವನ ಮಾನ ಅವನಿಗಿರಲಿ. ಚಳಿಜ್ವರ ಬಂದು ಮೂತ್ರ ಕದಡಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಗವಿಕಲತೆ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂಬ ಪ್ರಮಾಣಪತ್ರವಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಹಲವು ಸವಲತ್ತುಗಳಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ತುಂಬುವುದು, ತಾಲ್ಲೂಕು ಕಚೇರಿಗೆ ಓಡಾಡುವುದು ನಿಮ್ಮಲ್ಲಿ ಒಬ್ಬರ ಪಾಲಿಗಿರಲಿ. ದುಡ್ಡು ಕೂಡಿಸುವುದಾದರೆ ಒಮ್ಮೆಲೇ ದೊಡ್ಡ ಮೊತ್ತ ಕೊಟ್ಟು ಕೈತೊಳೆದುಕೊಳ್ಳಬೇಡಿ. ನಳಿಕೆ, ಗ್ಲೌಸು, ಔಷಧಿಯ ಖರ್ಚು ಪ್ರತಿ ತಿಂಗಳೂ ಬರುವಂಥದ್ದು.

ಅವನ ಎದುರು ‘ಹಿಂದಿನ ಜನ್ಮದ ಕರ್ಮ’ ಎನ್ನಬೇಡಿ. ‘ಇನ್ನಾರು ತಿಂಗಳಿಗೆ ಓಡಾಡ್ತೀಯ’ ಎಂದೂ ಹೇಳಬೇಡಿ. ಅದು ವೈದ್ಯರು ಹೇಳಬೇಕಾದ ಮಾತು. ಅವನು ಸಿಟ್ಟಾದರೆ, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರೆ ಬೇಸರಪಟ್ಟು ಎದ್ದು ಬರಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತಿರಿ. ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಮಾತ್ರ ಗುಟ್ಟಾಗಿಡದೆ ವೈದ್ಯರಿಗೆ ತಿಳಿಸಿ. ಮನಸ್ಸಿಗಾದ ಪೆಟ್ಟಿಗೂ ಚಿಕಿತ್ಸೆಯಿದೆ.

ಎಲ್ಲಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಮರುವರ್ಷದ ಸುಲಿತದ ಕಾಲದಲ್ಲಿ ನನ್ನ ತಮ್ಮ ಇದ್ದಕ್ಕಿದ್ದಂತೆ, ‘ಅಣ್ಣಾ, ಎಲ್ಲರ ಮನೆಯ ಮುಯ್ಯಿ ನನ್ನ ತಲೆ ಮೇಲಿದೆ. ನನಗೂ ಒಂದು ಮೆಟ್ಟುಗತ್ತಿ ಕೊಡಿ’ ಎಂದ. ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಹಿಡಿಯಬೇಕು, ಅವನಿಗೆ ಕಾಲಿನ ಸ್ವಾಧೀನವಿಲ್ಲ. ಊರಿನ ಆಚಾರಿ ಅಳತೆ ತೆಗೆದು ಗಾಲಿಕುರ್ಚಿಯ ಮುಂದೆ ಹಲಗೆ ಜೋಡಿಸಿ ಕತ್ತಿಯನ್ನು ಅದಕ್ಕೆ ಬಿಗಿದುಕೊಟ್ಟ. ಆ ಚಳಿಗಾಲ ಏಳೂ ಮನೆಯ ಅಂಗಳದಲ್ಲಿ ತಮ್ಮ ಅಡಿಕೆ ಸುಲಿದ. ಅವನು ಮತ್ತೆ ನಕ್ಕದ್ದನ್ನು ನಾನು ಕಂಡದ್ದು ಅಲ್ಲಿ. ಕುರ್ಚಿಯ ಮೇಲೆ ಕಾಲು ಗಂಟೆಗೊಮ್ಮೆ ಕೈಯೂರಿ ಮೈ ಎತ್ತುವುದನ್ನು ಪಕ್ಕದಲ್ಲಿ ಕೂತ ಹೆಂಗಸರೇ ನೆನಪಿಸುತ್ತಿದ್ದರು.

ಕೈಗೆ ಕೆಲಸ ಸಿಕ್ಕಿ ಚೇತರಿಸಿಕೊಂಡವನು ನನ್ನ ತಮ್ಮನೊಬ್ಬನೇ ಅಲ್ಲ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಕೂತೇ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅವರ ಕೈಗೆ ಕೆಲಸ ಕೊಟ್ಟವರು ಜೊತೆಯ ವೈದ್ಯ ಪಾಲ್ ಬ್ರಾಂಡ್. ಗಾಲಿಕುರ್ಚಿಯಲ್ಲೇ ಆಕೆ ಕುಷ್ಠರೋಗಿಗಳ ಕೈ ಸರಿಪಡಿಸಿದರು. ತಮ್ಮಂತೆ ಪೆಟ್ಟಾದವರಿಗಾಗಿ 1966ರಲ್ಲಿ ವೆಲ್ಲೂರಿನಲ್ಲಿ ಶುರುವಾದ ಪುನಶ್ಚೇತನ ಕೇಂದ್ರಕ್ಕೆ ಮುಂದಾಳಾದರು. ನಿಮ್ಮ ಗೆಳೆಯನ ಕೈಯಲ್ಲೂ ಏನಿದೆಯೆಂದು ಹುಡುಕಿ. ಸೊಸೈಟಿಯ ಲೆಕ್ಕವೋ, ಮೊಬೈಲ್ ರಿಪೇರಿಯೋ, ಮಕ್ಕಳಿಗೆ ಪಾಠವೋ, ಅವನನ್ನೇ ಕೇಳಿ. ಬರೀ ಪಡೆಯುವವನಾಗಿ ಅವನನ್ನು ಕೂರಿಸಿಬಿಡಬೇಡಿ. ಮುಯ್ಯಿ ತೀರಿಸಲು ಬಿಡಿ.

ಸೋಮವಾರ ಎಲ್ಲರೂ ಒಟ್ಟಿಗೆ ನುಗ್ಗಬೇಡಿ, ಇಬ್ಬರು ಹೋದರೆ ಸಾಕು. ನಿನ್ನೆ ಪೇಟೆಗೆ ಹೋದಾಗ ಒಂದು ನೋಟ್‌ಬುಕ್ ತಂದಿದ್ದೇನೆ, ದಾರವನ್ನೂ ಕಟ್ಟಿದ್ದೇನೆ. ಮೊದಲ ಹದಿನೈದು ದಿನಕ್ಕೆ ಜನ ತಾವಾಗಿ ಬರುತ್ತಾರೆ. ನೀವು ನಿಮ್ಮ ಹೆಸರು ಬರೆಯುವುದನ್ನು ಕೊಯ್ಲಿನ ತಿಂಗಳ ಪುಟದಿಂದ ಶುರುಮಾಡಿ.