ಕಂಟಿ ಹೊಲಕ್ಕೆ ಹಳೇ ಟ್ರ್ಯಾಕ್ಟರ್ ಕೊಳ್ಳುವ ತಮ್ಮನಿಗೆ

ತಮ್ಮಾ, ಬಹಳ ವರ್ಷ ಪಡ ಬಿದ್ದಿದ್ದ ಹೊಲವನ್ನು ಮತ್ತೆ ಉಳಬೇಕೆಂದು ಹೊರಟಿದ್ದೀ. ಊರು ಬಿಡುವ ಹುಡುಗರೇ ಹೆಚ್ಚಾಗಿರುವ ಹೊತ್ತಿನಲ್ಲಿ ಇದು ನಮ್ಮಂಥ ಹಿರಿಯರಿಗೆ ದೊಡ್ಡ ಸಂತೋಷದ ಸುದ್ದಿ. ಹೊಸ ಗಾಡಿಯ ಸಾಲ ಹೊರಲಾರೆ, ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡುತ್ತೇನೆ ಅಂದದ್ದೂ ಸರಿಯಾದ ವಿಚಾರವೇ. ಹುಡುಕಲು ಹೋಗುವ ಮುಂಚೆ ಒಂದು ಮಾತು ನೆನಪಿರಲಿ: ಕಂಟಿ ತೆಗೆಯುವುದು ಒಂದು ಹಂಗಾಮಿನ ಕೆಲಸ, ಗಾಡಿ ನಿನ್ನ ಮನೆಯಲ್ಲಿ ಹತ್ತು ಹದಿನೈದು ವರ್ಷ ಇರುತ್ತದೆ. ಆದ್ದರಿಂದ ಮುಂದೆ ಮಾಡುವ ಬೇಸಾಯ ನೋಡಿ ಗಾಡಿ ಕೊಳ್ಳು. ಕಂಟಿ ಕೆಲಸಕ್ಕೆ ಅದನ್ನು ಸಜ್ಜು ಮಾಡಿಕೊಂಡರಾಯಿತು.

ಮೊದಲು ಹೊಲ ಸುತ್ತು. ಕೈಯಲ್ಲಿ ಉತಾರ ಇರಲಿ. ಮುಂಡಗೋಡದ ಕಡೆಗೆ ಇರುವ ನಮ್ಮ ಹಾನಗಲ್ಲಿನ ಹೊಲಗಳ ಪಕ್ಕದಲ್ಲೇ ಎಷ್ಟೋ ಕಡೆ ಅರಣ್ಯ ಬರುತ್ತದೆ. ಪೊದೆ ಬೆಳೆದಾಗ ಬದು ಎಲ್ಲಿ, ಗಡಿಕಲ್ಲು ಎಲ್ಲಿ ಎಂದು ಗುರುತು ಸಿಗುವುದಿಲ್ಲ. ಅನುಮಾನ ಇದ್ದರೆ ಸರ್ವೇಗೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಿಕೋ. ನಿನ್ನದೇ ಹೊಲದಲ್ಲಿ ನಿಂತ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ವಿನಾಯಿತಿ ಇರುವ ಜಾತಿಗಳು ಕೆಲವು ಮಾತ್ರ. ಪೊದೆಯೊಳಗೆ ತಾನಾಗಿ ಎದ್ದ ಗಂಧ, ತೇಗ, ಬೇವು, ಹುಣಸೆ ಸಸಿಗಳಿಗೆ ಮೊದಲೇ ಸುಣ್ಣ ಬಳಿದು ಗುರುತು ಮಾಡು. ಗಾಡಿ ಒಳಗೆ ಹೊಕ್ಕ ಮೇಲೆ ಯಾವುದು ಸಸಿ, ಯಾವುದು ಕಳೆ ಎಂದು ನೋಡಲು ಡ್ರೈವರನಿಗೆ ಪುರುಸೊತ್ತಿರುವುದಿಲ್ಲ.

ಆಮೇಲೆ ಏನು ಬೆಳೆದಿದೆ ನೋಡು. ಹಾನಗಲ್ಲಿನ ಮಳೆ ಹೆಚ್ಚಿರುವ ಕಡೆ ಲಂಟಾನ, ಯುಪಟೋರಿಯಂ. ಸವಣೂರ ಕಡೆಯ ಎರೆ ಹೊಲಗಳಲ್ಲಿ ಬಳ್ಳಾರಿ ಜಾಲಿ, ಕರಿಜಾಲಿ. ಇವುಗಳಲ್ಲಿ ಲಂಟಾನಕ್ಕೂ ಬಳ್ಳಾರಿ ಜಾಲಿಗೂ ಒಂದೇ ಗುಣ, ಮೇಲೆ ಸವರಿದಷ್ಟೂ ಬುಡದಿಂದ ಹತ್ತಾಗಿ ಚಿಗುರುತ್ತವೆ. ಲಂಟಾನಕ್ಕೆ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ತೋರಿಸಿದ ವಿಧಾನ ಸುಲಭದ್ದು. ನೆಲಮಟ್ಟಕ್ಕಿಂತ ತುಸು ಕೆಳಗೆ, ಚಿಗುರು ಒಡೆಯುವ ಭಾಗದ ಅಡಿಗೆ ತಾಯಿಬೇರು ಕಡಿದು, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡುವುದು. ಇದಕ್ಕೆ ಗುದ್ದಲಿ ಸಾಕು, ಯಂತ್ರವೇ ಬೇಡ. ಹೂವು ಕಾಯಾಗುವ ಮೊದಲು, ನೆಲ ಹಸಿ ಇರುವಾಗ ಈ ಕೆಲಸ ಮುಗಿಸು. ಕಾಯಿ ಹಣ್ಣಾದರೆ ಹಕ್ಕಿಗಳು ಬೀಜವನ್ನು ಹೊಲದ ತುಂಬಾ ಬಿತ್ತುತ್ತವೆ.

ಹಾಗಾದರೆ ಟ್ರ್ಯಾಕ್ಟರಿಗೆ ಉಳಿದ ಕೆಲಸ ಎಷ್ಟು? ಹೆಬ್ಬೆರಳು ದಪ್ಪದವರೆಗಿನ ಕಂಟಿಯನ್ನು ಸ್ಲಾಷರ್ ಕತ್ತರಿಸುತ್ತದೆ. ಬೇರು ಸಡಿಲವಾದ ಹೊಲವನ್ನು ಪಲ್ಟಿ ನೇಗಿಲು, ಅದರ ಹಿಂದೆ ಒಂಬತ್ತು ಹಲ್ಲಿನ ಕಲ್ಟಿವೇಟರ್ ಹದಕ್ಕೆ ತರುತ್ತವೆ. ಮುಂಗೈ ದಪ್ಪ ಮೀರಿದ ಜಾಲಿ ಬೊಡ್ಡೆಗಳಿಗೆ ಜೆಸಿಬಿಯನ್ನು ತಾಸಿನ ಲೆಕ್ಕದಲ್ಲಿ ಕರೆಸು, ಬೇರುಸಹಿತ ಎತ್ತಿ ಹಾಕಲಿ. ಅದಕ್ಕೆ ಕೊಡುವ ಬಾಡಿಗೆ, ಟ್ರ್ಯಾಕ್ಟರಿನಿಂದ ಅವನ್ನು ಕೀಳಲು ಹೋಗಿ ಕೆಡಿಸಿಕೊಳ್ಳುವ ಗೇರ್‌ಬಾಕ್ಸ್ ರಿಪೇರಿಗಿಂತ ಯಾವತ್ತೂ ಕಡಿಮೆ. ಕಂಟಿ ನಿಂತ ನೆಲಕ್ಕೆ ರೋಟಾವೇಟರ್ ಹಾಕಲೇಬೇಡ. ಅದು ಉತ್ತ ಮಣ್ಣನ್ನು ಪುಡಿ ಮಾಡಲು ಇರುವ ಸಾಧನ. ಬೇರು, ಕಲ್ಲು ಸಿಕ್ಕರೆ ಬ್ಲೇಡು ಮುರಿದು ಏಟು ಸಾಧನ ತಿರುಗಿಸುವ ಪಿಟಿಒ ಶಾಫ್ಟಿನವರೆಗೂ ಹೋಗುತ್ತದೆ. ಸ್ಲಾಷರ್ ಕೂಡ ಕೊಳ್ಳುವ ಸಾಮಾನಲ್ಲ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಸಾಧನ ಕೊಡುತ್ತವೆ. ಮೊದಲು ಅಲ್ಲಿ ವಿಚಾರಿಸು.

ಈಗ ಗಾಡಿಯ ಮಾತು. ಭತ್ತ, ಗೋವಿನಜೋಳ, ಹತ್ತಿ, ಒಂದಿಷ್ಟು ಮಾವು ಅಥವಾ ಅಡಿಕೆ ಎಂದರೆ ನಮ್ಮ ಸೀಮೆಯ ಒಕ್ಕಲುತನಕ್ಕೆ 40ರಿಂದ 50 ಎಚ್‌ಪಿ ಸಾಕಾಗುತ್ತದೆ. 45 ಎಚ್‌ಪಿ ಗಾಡಿಯ ಪಿಟಿಒಗೆ ಸಿಗುವುದು 38–40 ಮಾತ್ರ. ಐದು ಅಡಿಯ ಸ್ಲಾಷರಿಗೆ ಅಷ್ಟು ಇದ್ದರೆ ನಡೆಯುತ್ತದೆ. ಮಹೀಂದ್ರ 575, ಸ್ವರಾಜ್ 744, ಮ್ಯಾಸಿ 241 ಇವೆಲ್ಲ ಈ ಅಳತೆಯ ಆಸುಪಾಸಿನವು. ಯಾವ ಕಂಪನಿ ಒಳ್ಳೆಯದು ಎಂಬ ವಾದಕ್ಕೆ ಕೂರಬೇಡ. ಹಾನಗಲ್ಲಿನಲ್ಲೋ ಅಕ್ಕಿಆಲೂರಿನಲ್ಲೋ ಯಾವ ಗಾಡಿಯ ಸಾಮಾನು ಅದೇ ದಿನ ಸಿಗುತ್ತದೆ, ಯಾವುದನ್ನು ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿ ಹತ್ತಿರ ಇದ್ದಾನೆ, ಅದೇ ಒಳ್ಳೆಯ ಗಾಡಿ. ಹಳೇ ಎಚ್‌ಎಂಟಿ ಕಸುವಿನ ಗಾಡಿಯೆಂದು ಯಾರಾದರೂ ಹೇಳಿಯಾರು, ನಿಜವೂ ಹೌದು. ಆದರೆ ಪಿಂಜೋರದ ಆ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಸಾಮಾನಿನ ಚಿಂತೆ ಮಾಡಿಯೇ ಅದಕ್ಕೆ ಕೈ ಹಾಕು.

ಕ್ಲಚ್ ಯಾವ ತರದ್ದು ಎಂದು ಕೇಳುವುದನ್ನು ಮರೆಯಬೇಡ. ಸಿಂಗಲ್ ಕ್ಲಚ್ ಗಾಡಿಯಲ್ಲಿ ಸಾಮಾನ್ಯವಾಗಿ ಪಿಟಿಒ ಮತ್ತು ಗಾಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನಿಮಿಷಕ್ಕೆ 540 ಸುತ್ತಿನಲ್ಲಿ ಪಿಟಿಒ ತಿರುಗುತ್ತಿರುವಾಗ ನೀನು ಕ್ಲಚ್ ಒತ್ತಿದರೂ ಸ್ಲಾಷರಿನ ಭಾರದ ಬ್ಲೇಡು ಕೂಡಲೇ ನಿಲ್ಲುವುದಿಲ್ಲ. ಅದರ ವೇಗವೇ ಗೇರಿನ ಮೂಲಕ ಗಾಲಿಯನ್ನು ಮುಂದೆ ತಳ್ಳುತ್ತದೆ. ಪೊದೆಯಾಚೆ ಹಾಳುಬಾವಿ ಇದ್ದರೆ ಏನಾದೀತು ಯೋಚಿಸು. ಡ್ಯುಯಲ್ ಕ್ಲಚ್ ಗಾಡಿ ಸಿಕ್ಕರೆ ಒಂದಿಷ್ಟು ಹೆಚ್ಚು ಕೊಟ್ಟಾದರೂ ತಗೋ. ಗಾಡಿ ನಿಂತರೂ ಸ್ಲಾಷರ್ ತಿರುಗುತ್ತದೆ, ಕೆಲಸವೂ ಹಗುರ.

ನಮ್ಮ ಸೀಮೆಯ ಹಿರಿಯರು ಹೋರಿ ಕೊಳ್ಳುವಾಗ ಕೊಂಬಿನ ಬಣ್ಣಕ್ಕೆ ಮರುಳಾಗದೆ ಹಲ್ಲು ಎಣಿಸಿ, ಗೊರಸು ಒತ್ತಿ, ನಡೆಸಿ ನೋಡುತ್ತಿದ್ದರು. ಗಾಡಿಯನ್ನೂ ಹಾಗೇ ನೋಡಬೇಕು. ಹೊಸ ಪೇಂಟು, ಹೊಸ ಸೀಟು ಬೆಲೆ ಏರಿಸಲು ಮಾಡಿದ್ದು. ಬೆಳಿಗ್ಗೆ ಬೇಗ, ಹೇಳದೆ ಹೋಗು. ಇಂಜಿನ್ ಮೇಲೆ ಕೈ ಇಟ್ಟು ನೋಡು. ಬೆಚ್ಚಗಿದ್ದರೆ ನೀನು ಬರುವ ಮೊದಲೇ ಯಾರೋ ಚಾಲೂ ಮಾಡಿದ್ದಾರೆ. ಮತ್ತೊಂದು ದಿನ ಬರುತ್ತೇನೆ ಎಂದು ತಿರುಗಿ ಬಾ. ತಣ್ಣಗಿದ್ದರೆ ಮೊದಲು ಆಯಿಲ್ ಕಡ್ಡಿ ಎಳೆದು ನೋಡು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಇದ್ದರೆ ನೀರು ಕೂಡಿದೆ ಎಂದರ್ಥ, ಆ ಗಾಡಿಯ ಮಾತು ಅಲ್ಲಿಗೆ ಬಿಡು. ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡು. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್, ಲೈನರ್ ತೇಯ್ದಿವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ನಿಲ್ಲದೆ ಬಂದರೂ ಅದೇ ರೋಗ.

ಕಲ್ಟಿವೇಟರ್ ಎತ್ತಿಸಿ ಇಂಜಿನ್ ಬಂದ್ ಮಾಡಿಸು. ಹತ್ತು ನಿಮಿಷದೊಳಗೆ ಅದು ನೆಲ ಮುಟ್ಟಿದರೆ ಹೈಡ್ರಾಲಿಕ್ ಸೋರುತ್ತಿದೆ. ಮುಂದಿನ ಗಾಲಿ ಹಿಡಿದು ಅಲುಗಾಡಿಸಿ ಕಿಂಗ್‌ಪಿನ್, ಬುಷ್ ನೋಡು. ತಾಸಿನ ಮೀಟರನ್ನು ನಂಬಬೇಡ, ಅದನ್ನು ಬದಲಿಸುವುದು ಕಷ್ಟವಲ್ಲ. ಕ್ಲಚ್ ಪೆಡಲು ಎಷ್ಟು ಸವೆದಿದೆ, ಟ್ರೇಲರ್ ಕೂಡಿಸುವ ಹುಕ್ಕಿನ ತೂತು ಎಷ್ಟು ಅಗಲವಾಗಿದೆ ನೋಡು. ಆ ತೂತು ಉದ್ದಕ್ಕೆ ಹರಿದಿದ್ದರೆ ಗಾಡಿ ಹೊಲಕ್ಕಿಂತ ಮರಳು, ಇಟ್ಟಂಗಿ ಹೊತ್ತದ್ದೇ ಹೆಚ್ಚು. ಭತ್ತದ ಗದ್ದೆಯಲ್ಲಿ ಕೆಸರು ತುಳಿದ ಗಾಡಿಯಾದರೆ ಹಿಂದಿನ ಆಕ್ಸಲ್ಲಿನ ಆಯಿಲ್ ಒಂದು ಹನಿ ಇಳಿಸಿ ನೋಡು, ಸೀಲ್ ಹೋಗಿದ್ದರೆ ಒಳಗೆ ನೀರು ಸೇರಿರುತ್ತದೆ. ಹಿಂದಿನ ಟಯರು ಎರಡಕ್ಕೂ ಹೋಗುವ ದುಡ್ಡು ಸಣ್ಣದಲ್ಲ. ಜಾಲಿ ಮುಳ್ಳಿನ ಹೊಲಕ್ಕೆ ಸವೆದ ಟಯರು ಒಂದು ದಿನವೂ ತಡೆಯದು. ಬೆಲೆ ಮಾತಾಡುವಾಗ ಅದನ್ನೂ ಸೇರಿಸಿ ಮಾತಾಡು.

ಗಾಡಿ ಮನೆಗೆ ಬಂದ ಮೇಲೆ ಕಂಟಿಗೆ ಇಳಿಸುವ ಮೊದಲು ವೆಲ್ಡಿಂಗ್ ಅಂಗಡಿಗೆ ಹೋಗು. ಹೊಟ್ಟೆಯಡಿ ಆಯಿಲ್ ಸಂಪಿಗೆ ದಪ್ಪ ತಗಡು, ರೇಡಿಯೇಟರ್ ಮುಂದೆ ಜಾಳಿಗೆ, ಡೀಸೆಲ್ ಪೈಪಿಗೆ ಆಸರೆ ಮಾಡಿಸು. ಎದ್ದು ಬಂದ ಒಂದು ಬೊಡ್ಡೆ ಇಂಜಿನ್ ಅಡಿ ತೂತು ಮಾಡಿದರೆ ಆಯಿಲ್ ಸೋರಿ ಇಂಜಿನ್ ಜಾಮ್ ಆಗಲು ಹೆಚ್ಚು ಹೊತ್ತು ಬೇಡ.

ಕಾಗದದ ವಿಷಯದಲ್ಲಿ ನಾಚಿಕೆ ಬೇಡ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲೆ ಒರೆಸಿ ಓದು. ಬ್ಯಾಂಕಿನದೋ ಫೈನಾನ್ಸಿನದೋ ಸಾಲ ನಮೂದಾಗಿದ್ದರೆ ಅವರ ಎನ್‌ಒಸಿ ಮತ್ತು ಫಾರ್ಮ್ 35 ಬರುವವರೆಗೆ ಪೂರ್ತಿ ಹಣ ಕೊಡಬೇಡ. ವರ್ಗಾವಣೆಗೆ ಫಾರ್ಮ್ 29, 30 ಬೇಕು. ಟ್ರೇಲರಿಗೆ ಬೇರೆಯೇ ಆರ್‌ಸಿ ಇರುತ್ತದೆ, ಅದನ್ನೂ ಕೇಳು. ಗಾಡಿ ಕೊಟ್ಟವನ ಹೆಸರಿನಲ್ಲೇ ಓಡಿಸುತ್ತಾ ಇದ್ದರಾಯಿತು ಎನ್ನುವ ದಲ್ಲಾಳಿಯ ಮಾತು ಕೇಳಿದರೆ, ಅಪಘಾತವಾದ ದಿನ ಇಬ್ಬರಿಗೂ ಕೋರ್ಟು ತಪ್ಪದು.

ಕೊನೆಗೆ, ಇದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಸರಪಳಿ ಕಟ್ಟಿ ಬೊಡ್ಡೆ ಎಳೆಯುವ ಆಸೆ ಎಲ್ಲ ಹುಡುಗರಿಗೂ ಬರುತ್ತದೆ. ಟಾಪ್ ಲಿಂಕಿಗೋ ಆಕ್ಸಲ್ಲಿಗೋ ಕಟ್ಟಿ ಎಳೆದರೆ, ಬೇರು ಕದಲದಿದ್ದಾಗ ಗಾಡಿಯ ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಬೀಳುತ್ತದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಹಾರಲು ಸಮಯ ಸಿಗದು. ಸಣ್ಣದನ್ನು ಎಳೆಯಲೇಬೇಕಾದರೆ ಕೆಳಗಿನ ಡ್ರಾಬಾರಿಗೇ ಕಟ್ಟು, ಸಣ್ಣ ಗೇರಿನಲ್ಲಿ ನಿಧಾನ ಎಳೆ, ಕದಲದಿದ್ದರೆ ಬಿಟ್ಟುಬಿಡು. ತಿರುಗುವ ಶಾಫ್ಟಿನ ಹತ್ತಿರ ಪಂಚೆ, ಟವೆಲು ಹಾಕಿಕೊಂಡು ಯಾರೂ ಸುಳಿಯಬಾರದು. ಸ್ಲಾಷರ್ ನಡೆಯುವಾಗ ಮಕ್ಕಳು ಹೊಲದಲ್ಲೇ ಇರಬಾರದು.

ಮುಂದಿನ ವಾರ ಗಾಡಿ ನೋಡಲು ಹೋಗುವಾಗ ನಿಮ್ಮ ಊರಿನ ಮೇಸ್ತ್ರಿಯನ್ನು ಕರೆದುಕೊಂಡೇ ಹೋಗು, ಅವನ ಒಂದು ದಿನದ ಕೂಲಿ ಕೊಡು. ಅವನು ಬೇಡ ಅಂದ ಗಾಡಿಗೆ, ಬೆಲೆ ಎಷ್ಟೇ ಇಳಿದರೂ, ಮುಂಗಡ ಕೊಡಬೇಡ.