ಡೀಲರ್ ಮೀಟಿನ ರಾತ್ರಿ ದಾಟುವುದು ಹೇಗೆ?

ಕುಡಿತ ಬಿಟ್ಟು ಇನ್ನೂ ಮೂರು ತಿಂಗಳು; ಮುಂದಿನ ವಾರದ ಡೀಲರ್ ಮೀಟಿನ ಬಗ್ಗೆ ನಿಮಗೆ ದಿಗಿಲಾಗಿರುವುದು ಸಹಜ. ನನ್ನ ಮಾತು ಕೇಳುವುದಾದರೆ, ಈ ಸಲ ರಾತ್ರಿಯ ಪಾರ್ಟಿಗೆ ಹೋಗಲೇಬೇಡಿ. "ಮಾತ್ರೆ ನಡೀತಿದೆ ಸರ್, ಡಾಕ್ಟ್ರು ಬೇಡ ಅಂದಿದ್ದಾರೆ" ಎಂದರೆ ಸಾಕು, ಮ್ಯಾನೇಜರಿಗೆ ಪೂರ್ತಿ ಕಥೆ ಹೇಳಬೇಕಾಗಿಲ್ಲ.

ತಪ್ಪಿಸಿಕೊಳ್ಳಲಾಗದಿದ್ದರೆ ಹೊಟ್ಟೆ ತುಂಬ ಉಂಡು ಹೋಗಿ. ಹಸಿವು, ದಣಿವು ಕುಡಿಯುವ ಆಸೆಯನ್ನು ಕೆರಳಿಸುತ್ತವೆ. ನಿಂಬೆ ಸೋಡಾವನ್ನು ಕೌಂಟರಿನಲ್ಲಿ ನೀವೇ ನಿಂತು ಪಡೆಯಿರಿ. ಗ್ಲಾಸು ಟೇಬಲ್ಲಿನ ಮೇಲಿಟ್ಟು ಎದ್ದು ಹೋದಿರಾ, ವಾಪಸು ಬಂದು ಅದನ್ನು ಮುಟ್ಟಬೇಡಿ. "ಒಂದು ಪೆಗ್ಗಿಗೆ ಏನಾಗತ್ತೆ" ಎನ್ನುವ ಗೆಳೆಯರು ಅದರಲ್ಲಿ ಮದ್ಯ ಬೆರೆಸುವುದುಂಟು. ನೀವು ಕುಡಿತ ಬಿಡಿಸುವ ಡೈಸಲ್ಫಿರಾಂ ಮಾತ್ರೆ ನುಂಗುತ್ತಿದ್ದೀರಿ. ಸ್ವಲ್ಪ ಮದ್ಯ ಸೇರಿದರೂ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ 14 ದಿನಗಳವರೆಗೆ ಈ ಅಪಾಯ ಉಳಿದಿರುತ್ತದೆ. ಪಾರ್ಟಿಗೋಸ್ಕರ ಎರಡು ದಿನ ಮಾತ್ರೆ ಬಿಡುವ ಯೋಚನೆ ಖಂಡಿತ ಬೇಡ.

ಆಸೆ ಉಕ್ಕಿದಾಗ ಹೊರಗೆ ಬಂದು ಮನೆಯವರಿಗೋ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿನ ಗೆಳೆಯರಿಗೋ ಫೋನ್ ಮಾಡಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಆ ಆಸೆ ಇಳಿಯುತ್ತದೆ. ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನ ಫಾಲೋಅಪ್ ತಪ್ಪಿಸಬೇಡಿ. ಮುಂದೆಯೂ ನಿಮ್ಮ ತಂಡ ಹೀಗೇ ಬಾಟಲಿ ಸುತ್ತ ಕೂರುತ್ತಿದ್ದರೆ ಬೇರೆ ಏರಿಯಾ ಕೇಳಿಕೊಳ್ಳಿ, ಇನ್ಸೆಂಟಿವ್ ಸ್ವಲ್ಪ ಕಡಿಮೆಯಾದರೂ ಸರಿ.